ಒಡೆದ ಮೂಗು, ಮುರಿದ ಎಡಗೈ: ಪಿಯೆಟಾ ದುರಸ್ತಿಯ ಒಂದು ಪ್ರಕರಣ ಅಧ್ಯಯನ

ಕಲ್ಲಿನ ಮೂರ್ತಿಗಳ ದುರಸ್ತಿ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಪ್ರಕರಣ. ಒಡೆದದ್ದನ್ನು ಅಂಟಿಸುವುದು ಹೇಗೆ ಅನ್ನುವುದಕ್ಕೆ ಕೆಲಸ ಬಲ್ಲವರು ಒಂದಲ್ಲ ಒಂದು ಉತ್ತರ ಹುಡುಕುತ್ತಾರೆ. ಅಂಟಿಸಿದ ಗುರುತು ಕಾಣಬೇಕೋ ಬೇಡವೋ ಅನ್ನುವುದು ಅದಕ್ಕಿಂತ ಕಷ್ಟದ ಪ್ರಶ್ನೆ. 1972ರಲ್ಲಿ ವ್ಯಾಟಿಕನ್‌ನವರು ಆ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅದೂ ಮೈಕೆಲ್ಯಾಂಜೆಲೊನ ಪಿಯೆಟಾದಂಥ ಮೂರ್ತಿಯ ವಿಷಯದಲ್ಲಿ. ತಪ್ಪಿದರೆ ಇಡೀ ಜಗತ್ತಿಗೆ ಕಾಣುವಂಥ ಕೆಲಸ ಅದು.

ಮೊದಲೇ ಒಂದು ಮಾತು. ಮೂರ್ತಿಗೆ ಏಟು ಹಾಕಿದವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವನಿಗೆ ಮಾನಸಿಕ ಕಾಯಿಲೆ ಇತ್ತು. ಅವನನ್ನು ತಡೆದವರನ್ನೂ, ದುರಸ್ತಿ ಮಾಡಿದವರನ್ನೂ ಅವರವರ ಕೆಲಸದಿಂದಲೇ ಕರೆಯುತ್ತೇನೆ. ಇದರಿಂದ ಕಲಿಯಬೇಕಾದ್ದು ಅವರ ತೀರ್ಮಾನಗಳಿಂದ. ಹೆಸರು ಗೊತ್ತಿಲ್ಲದಿದ್ದರೂ ಅದಕ್ಕೆ ತೊಂದರೆ ಇಲ್ಲ.

ಹಿನ್ನೆಲೆ

ಪಿಯೆಟಾ ಅಂದರೆ ಇಟಾಲಿಯನ್ ಭಾಷೆಯಲ್ಲಿ ಮರುಕ, ಕರುಣೆ. ಶಿಲುಬೆಯಿಂದ ಇಳಿಸಿದ ಯೇಸುವಿನ ದೇಹವನ್ನು ತಾಯಿ ಮರಿಯ ಮಡಿಲಲ್ಲಿ ಇಟ್ಟುಕೊಂಡು ಕುಳಿತಿರುವ ದೃಶ್ಯಕ್ಕೆ ಆ ಹೆಸರು. ಜರ್ಮನ್ ನಾಡುಗಳಲ್ಲಿ ಇಂಥ ಮೂರ್ತಿಗಳನ್ನು 1300ರ ಸುಮಾರಿನಿಂದಲೇ ಮರದಲ್ಲಿ ಕೆತ್ತುತ್ತಿದ್ದರು. ಅಲ್ಲಿಂದ ಫ್ರಾನ್ಸ್‌ಗೂ ಹರಡಿತು. ಆ ಮೂರ್ತಿಗಳಲ್ಲಿ ನೋವು ಎದ್ದು ಕಾಣುತ್ತದೆ. ಗಾಯಗಳು ಬಾಯಿ ಬಿಟ್ಟಿರುತ್ತವೆ, ದೇಹ ಸೆಟೆದುಕೊಂಡಿರುತ್ತದೆ, ತಾಯಿಯ ಮುಖ ಅತ್ತು ಅತ್ತು ಬಾಡಿರುತ್ತದೆ.

ರೋಮ್‌ನಲ್ಲಿದ್ದ ಫ್ರೆಂಚ್ ಕಾರ್ಡಿನಲ್ ಜಾನ್ ದ ಬಿಲೇರ್ ತನ್ನ ಸಮಾಧಿಯ ಬಳಿ ಇಡಲು ಇಂಥದ್ದೊಂದು ಮೂರ್ತಿ ಬೇಕು ಎಂದ. ಕೆಲಸ ಸಿಕ್ಕಿದ್ದು 23 ವರ್ಷದ ಮೈಕೆಲ್ಯಾಂಜೆಲೊಗೆ. 1498ರ ಆಗಸ್ಟ್‌ನಲ್ಲಿ ಕರಾರು ಆಯಿತು. 450 ಚಿನ್ನದ ಡುಕಾಟ್ ಸಂಭಾವನೆ, ಒಂದು ವರ್ಷದ ಗಡುವು. ಇವತ್ತು ರೋಮ್‌ನಲ್ಲಿರುವ ಅಮೃತಶಿಲೆಯ ಕೆಲಸಗಳಲ್ಲೆಲ್ಲ ಇದೇ ಅತಿ ಚೆಲುವಿನದಾಗುತ್ತದೆ ಎಂದು ಯಾಕೊಪೊ ಗಾಲಿ ಎಂಬ ಬ್ಯಾಂಕರ್ ಅವನ ಪರವಾಗಿ ಭರವಸೆ ಕೊಟ್ಟ. ಕಲ್ಲು ಇಟಲಿಯ ಕರಾರಾ ಎಂಬ ಊರಿನ ಗಣಿಯದು.

ಮೈಕೆಲ್ಯಾಂಜೆಲೊ ಹಳೆಯ ಪದ್ಧತಿಯ ನೋವನ್ನು ಬಿಟ್ಟ. ಅವನ ಮರಿಯ ಅಳುವುದಿಲ್ಲ. ತಲೆ ಬಗ್ಗಿಸಿ ನೋಡುತ್ತಾಳೆ, ಅಷ್ಟೇ. ಮುಖ ಎಳೆಯದು, ಮಗನಿಗಿಂತ ತಾಯಿಯೇ ಚಿಕ್ಕವಳೇನೋ ಅನ್ನಿಸುವಷ್ಟು. ಪೂರ್ತಿ ಬೆಳೆದ ಗಂಡಸಿನ ದೇಹ ಒಬ್ಬ ಹೆಂಗಸಿನ ಮಡಿಲಲ್ಲಿ ಹಿಡಿಸುವುದು ಹೇಗೆ? ಅದಕ್ಕೆ ಅವನು ಮರಿಯಳನ್ನೇ ದೊಡ್ಡದಾಗಿ ಮಾಡಿದ. ಎದ್ದು ನಿಂತರೆ ಅವಳು ಮಗನಿಗಿಂತ ಎಷ್ಟೋ ಎತ್ತರ. ಆದರೆ ಬಟ್ಟೆಯ ನೆರಿಗೆಗಳು ಮಂಡಿಯಿಂದ ಕೆಳಗೆ ಹರಡಿಕೊಂಡು ಆ ಅಳತೆಯನ್ನು ಮುಚ್ಚಿಬಿಡುತ್ತವೆ. ಮೂರ್ತಿಯ ಎತ್ತರ 174 ಸೆಂಟಿಮೀಟರ್, ಬುಡದಲ್ಲಿ ಅಗಲ 195. ತಲೆ ತುದಿ, ಬುಡ ಅಗಲ. ಮಲೆಯ ಹಾಗೆ ಗಟ್ಟಿಯಾಗಿ ಕೂತ ಆಕಾರ.

ಮರಿಯಳ ಎದೆಯ ಮೇಲೆ ಅಡ್ಡ ಹಾದುಹೋಗುವ ಪಟ್ಟಿಯಲ್ಲಿ ಅವನ ಹೆಸರಿದೆ. ಫ್ಲಾರೆನ್ಸ್‌ನ ಮೈಕೆಲ್ಯಾಂಜೆಲೊ ಬುವೊನಾರೊತಿ ಮಾಡುತ್ತಿದ್ದ ಎಂದು ಲ್ಯಾಟಿನ್‌ನಲ್ಲಿ. ಅವನು ಹೆಸರು ಕೆತ್ತಿದ ಮೂರ್ತಿ ಇದೊಂದೇ.

ಈ ಪ್ರಕರಣಕ್ಕೆ ಬೇಕಾದ ಎರಡು ಸಂಗತಿಗಳನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಒಂದು, ಮೂರ್ತಿಯ ನಯ. ಮೈಕೆಲ್ಯಾಂಜೆಲೊ ಎಷ್ಟೋ ಮೂರ್ತಿಗಳಲ್ಲಿ ಉಳಿಯ ಗೀರುಗಳನ್ನು ಹಾಗೇ ಬಿಟ್ಟಿದ್ದಾನೆ. ಇದರಲ್ಲಿ ಬಿಟ್ಟಿಲ್ಲ. ಉಜ್ಜಿ ಉಜ್ಜಿ ಚರ್ಮದಷ್ಟು ನಯ ಮಾಡಿದ್ದಾನೆ. ಬೆಳಕು ಬಿದ್ದರೆ ಕಲ್ಲಿನ ಮೇಲ್ಪದರದೊಳಗೆ ಒಂದಿಷ್ಟು ಇಳಿದು ವಾಪಸ್ ಬರುತ್ತದೆ. ಕಲ್ಲಿಗೆ ಜೀವ ಇದ್ದ ಹಾಗೆ ಕಾಣುವುದು ಅದರಿಂದ.

ಇನ್ನೊಂದು, ಕೈಗಳು. ಮರಿಯಳ ಬಲಗೈ ಮಗನ ಕಂಕುಳ ಕೆಳಗೆ ಆತುಕೊಂಡಿದೆ. ಅಲ್ಲಿ ಒಂದು ಸಣ್ಣ ವಿಷಯ ಇದೆ. ಅವಳ ಬೆರಳುಗಳಿಗೂ ಅವನ ಮೈಗೂ ನಡುವೆ ಬಟ್ಟೆ ಇದೆ. ನೇರವಾಗಿ ಮುಟ್ಟಿಲ್ಲ. ಆದರೂ ಒತ್ತಿದ ಕಡೆ ಮಾಂಸ ಉಬ್ಬಿಕೊಂಡಿದೆ. ಎಡಗೈಯದು ಬೇರೆಯೇ ರೀತಿ. ಅದು ಏನನ್ನೂ ಹಿಡಿದಿಲ್ಲ. ಮೈಯಿಂದ ದೂರ ಚಾಚಿದೆ, ಅಂಗೈ ಮೇಲಕ್ಕೆ, ಬೆರಳು ಸಡಿಲ. ಇಗೋ ನೋಡಿ ಅನ್ನುತ್ತಿದೆಯೋ, ಇನ್ನೇನು ಮಾಡಲಿ ಅನ್ನುತ್ತಿದೆಯೋ, ನೋಡುವವರಿಗೆ ಬಿಟ್ಟದ್ದು. ಇಡೀ ಮೂರ್ತಿಯಲ್ಲಿ ತಾಯಿಯ ಸಂಕಟ ಬಾಯಿ ಬಿಟ್ಟಿರುವುದು ಆ ಒಂದು ಕೈಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಮೂರ್ತಿಯ ಉಳಿದ ಭಾಗ ಒಂದಕ್ಕೊಂದು ಅಂಟಿಕೊಂಡಂತಿದೆ. ಗಾಳಿಯಲ್ಲಿ ಹೀಗೆ ಚಾಚಿರುವುದು ಈ ಕೈ. ಹಾಗಾಗಿ ಬೇಗ ಮುರಿಯುವುದೂ ಇದೇ.

ಹಿಂದೆ ಒಮ್ಮೆ ಮುರಿದೂ ಇತ್ತು. ಹಳೆಯ ಸಂತ ಪೀಟರ್ ಚರ್ಚಿನ ಪಕ್ಕದ ಸಂತ ಪೆಟ್ರೊನಿಲ್ಲಾ ಗುಡಿಯಲ್ಲಿದ್ದ ಮೂರ್ತಿ, ಈಗಿನ ಬಸಿಲಿಕಾ, ಅಂದರೆ ಹೊಸ ದೊಡ್ಡ ಚರ್ಚು, ಕಟ್ಟಲು ಆ ಗುಡಿ ಕೆಡವಿದಾಗ ಜಾಗ ಬದಲಿಸಿತು. ಆಮೇಲೂ ಬದಲಿಸುತ್ತಲೇ ಇತ್ತು. ಅಂಥ ಒಂದು ಸಾಗಾಟದಲ್ಲಿ ಎಡಗೈಯ ನಾಲ್ಕು ಬೆರಳು ಹೋದವು. 1736ರಲ್ಲಿ ರೋಮ್‌ನ ಒಬ್ಬ ಶಿಲ್ಪಿ ಅವನ್ನು ಸರಿ ಮಾಡಿದ. ಅವನು ಆ ಕೈಗೆ ಮೂಲಕ್ಕಿಂತ ಸ್ವಲ್ಪ ಜಾಸ್ತಿ ನಾಟಕೀಯ ಭಂಗಿ ಕೊಟ್ಟನೇನೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. 1749ರಲ್ಲಿ ಮೂರ್ತಿ ಈಗಿನ ಜಾಗಕ್ಕೆ ಬಂತು, ಬಸಿಲಿಕಾ ಹೊಕ್ಕ ಕೂಡಲೇ ಬಲಕ್ಕೆ ಸಿಗುವ ಮೊದಲ ಗುಡಿಗೆ. 1964ರಲ್ಲಿ ಹಡಗು ಹತ್ತಿ ನ್ಯೂಯಾರ್ಕ್‌ನ ವಿಶ್ವಮೇಳಕ್ಕೂ ಹೋಗಿ ಬಂತು. ಅಟ್ಲಾಂಟಿಕ್ ದಾಟಿ ಹೋಗಿ ಬಂದ ಮೂರ್ತಿಗೆ ಪೆಟ್ಟಾದದ್ದು ತನ್ನ ಮನೆಯಲ್ಲೇ.

ಆ ಭಾನುವಾರ

1972ರ ಮೇ 21. ಪೆಂಟೆಕೋಸ್ಟ್ ಹಬ್ಬ. ಬೆಳಿಗ್ಗೆ ಹನ್ನೊಂದೂವರೆಯ ಸುಮಾರು. ಬಸಿಲಿಕಾದಲ್ಲಿ ಜನವೋ ಜನ. ಆಗ ಮೂರ್ತಿಯ ಮುಂದೆ ಇದ್ದದ್ದು ತಗ್ಗಾದ ಒಂದು ಕಟಕಟೆ. 33 ವರ್ಷದ ಒಬ್ಬ ಅದನ್ನು ಹಾರಿ ಮೂರ್ತಿಯ ಬಳಿಗೆ ಹತ್ತಿದ. ಭೂವಿಜ್ಞಾನ ಓದಿದವನು. ಕೈಯಲ್ಲಿ ಇದ್ದದ್ದು ಭೂವಿಜ್ಞಾನಿಗಳು ಬಂಡೆ ಚೂರು ತೆಗೆಯಲು ಬಳಸುವ ಸುತ್ತಿಗೆ. ತಾನೇ ಯೇಸುಕ್ರಿಸ್ತ, ಸತ್ತವರೊಳಗಿಂದ ಎದ್ದು ಬಂದಿದ್ದೇನೆ ಎಂದು ಕೂಗುತ್ತ ಮರಿಯಳ ಮೇಲೆ ಏಟು ಹಾಕತೊಡಗಿದ. ಒಂದಲ್ಲ ಎರಡಲ್ಲ, ಹತ್ತಕ್ಕೂ ಹೆಚ್ಚು ಏಟು.

ಅಲ್ಲಿ ನಿಂತಿದ್ದ ಅಮೆರಿಕದ ಯುವಕನೊಬ್ಬ ಮೇಲೆ ಹಾರಿ, ಅವನ ಗಡ್ಡ ಹಿಡಿದು ಕೆಳಗೆ ಎಳೆದ. ಇಬ್ಬರೂ ಜನರ ಮೇಲೆ ಬಿದ್ದರು. ಆ ಯುವಕನೂ ಒಬ್ಬ ಶಿಲ್ಪಿ. ಈ ವಿಷಯ ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ಇನ್ನೊಂದು ನಿಮಿಷ ತಡವಾಗಿದ್ದರೆ ಮುಖ ಉಳಿಯುತ್ತಿರಲಿಲ್ಲ.

ಏಟು ಹಾಕಿದವನ ಮೇಲೆ ಅಪರಾಧದ ಮೊಕದ್ದಮೆ ನಡೆಯಲಿಲ್ಲ. ಅವನ ಮನಸ್ಸು ಸ್ತಿಮಿತದಲ್ಲಿಲ್ಲ ಎಂದು ಕಂಡುಬಂದದ್ದರಿಂದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1975ರಲ್ಲಿ ಇಟಲಿಯಿಂದ ಹೊರಗೆ, ಅವನು ಮೊದಲು ನೆಲೆಸಿದ್ದ ಆಸ್ಟ್ರೇಲಿಯಾಕ್ಕೆ ಕಳಿಸಿಕೊಟ್ಟರು.

ಏನು ಹೋಯಿತು, ಏನು ಉಳಿಯಿತು

ಮಗನ ದೇಹಕ್ಕೆ ಏನೂ ಆಗಿರಲಿಲ್ಲ. ಪೆಟ್ಟೆಲ್ಲ ತಾಯಿಗೆ. ಎಡತೋಳು ಮೊಣಕೈ ಬಳಿ ಕಡಿದು ನೆಲಕ್ಕೆ ಬಿದ್ದಿತ್ತು. ಬಿದ್ದ ರಭಸಕ್ಕೆ ಬೆರಳುಗಳು ಚೂರಾಗಿದ್ದವು. ಮೂಗು ಒಡೆದಿತ್ತು. ಎಡಗಣ್ಣಿನ ರೆಪ್ಪೆ ಕಿತ್ತಿತ್ತು. ತಲೆಯ ಮುಸುಕಿಗೂ ಏಟು ಬಿದ್ದಿತ್ತು.

ಗದ್ದಲದಲ್ಲಿ ಕೆಲವರು ಚೂರುಗಳನ್ನು ಎತ್ತಿಕೊಂಡು ಹೋದರು. ಆಮೇಲೆ ಕೆಲವು ವಾಪಸ್ ಬಂದವು, ಕೆಲವು ಬರಲೇ ಇಲ್ಲ. ಇಲ್ಲಿಂದ ಕಲಿಯುವ ಮೊದಲ ಪಾಠ ತೀರಾ ಸರಳ: ಒಡೆದ ಮೇಲಿನ ಮೊದಲ ಅರ್ಧ ಗಂಟೆ ದುರಸ್ತಿಯ ಭಾಗವೇ. ಜನರನ್ನು ಹಿಂದೆ ಸರಿಸಬೇಕು, ಯಾರೂ ಗುಡಿಸಬಾರದು, ಯಾವ ಚೂರು ಎಲ್ಲಿ ಬಿದ್ದಿತ್ತು ಎಂದು ಗುರುತು ಹಾಕಬೇಕು. ಹಿಟ್ಟಿನಂಥ ಪುಡಿಯನ್ನೂ ಎತ್ತಿಡಬೇಕು. ನಮ್ಮ ಕಡೆ ಹಳೆಯ ಗುಡಿಗಳಲ್ಲಿ ಏನಾದರೂ ಒಡೆದರೆ ಮೊದಲು ಆಗುವ ಕೆಲಸ ಕಸಪೊರಕೆ ಹಿಡಿದು ಸ್ವಚ್ಛ ಮಾಡುವುದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಅಲ್ಲಿಗೆ ಅರ್ಧ ಮೂರ್ತಿ ಹೋದ ಹಾಗೆ.

ಅಮೃತಶಿಲೆ ಒಡೆಯುವ ರೀತಿಯನ್ನೂ ತಿಳಿದಿರಬೇಕು. ಹತ್ತಿರದಿಂದ ನೋಡಿದರೆ ಅದು ಕಲ್ಲುಸಕ್ಕರೆಯ ಹಾಗೆ, ಸಣ್ಣ ಸಣ್ಣ ಹರಳುಗಳು ಒತ್ತೊತ್ತಾಗಿ ಕೂಡಿದ್ದು. ಸುತ್ತಿಗೆ ನೇರವಾಗಿ ಬಿದ್ದ ಕಡೆ ಹರಳುಗಳು ಜಜ್ಜಿ ಹೋಗುತ್ತವೆ. ಅಲ್ಲಿ ಬೆಳಕು ಒಳಗೆ ಇಳಿಯುವುದಿಲ್ಲ, ಸುಣ್ಣ ಬಳಿದಂಥ ಬಿಳಿ ಮಚ್ಚೆ ಏಳುತ್ತದೆ. ಹಾಗಾಗಿ ತುಂಡು ಬಿದ್ದುಹೋಗಿರದ ಕಡೆಯೂ ಗಾಯ ಕಾಣುತ್ತದೆ. ಒರಟಾದ ಮೂರ್ತಿಯಾಗಿದ್ದರೆ ಇದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಇಷ್ಟು ನಯವಾದ ಮೈಯಲ್ಲಿ ಎದ್ದು ಕಾಣುತ್ತದೆ.

ಮುಂದಿದ್ದ ದಾರಿಗಳು

ನಮ್ಮ ಓದುಗರಿಗೆ ಮೊದಲು ಹೊಳೆಯುವ ದಾರಿ ಅವರ ಮುಂದೆ ಇರಲಿಲ್ಲ. ನಮ್ಮಲ್ಲಿ ಮೂರ್ತಿ ಭಿನ್ನವಾದರೆ ಪೂಜೆ ನಿಲ್ಲಿಸಿ, ಹೊಸದನ್ನು ಮಾಡಿಸಿ ಪ್ರತಿಷ್ಠೆ ಮಾಡುತ್ತೇವೆ. ಪಿಯೆಟಾಕ್ಕೆ ಬದಲಿ ಇಲ್ಲ. ಅದನ್ನು ಕೆತ್ತಿದ ಕೈಯೇ ಅದರ ಬೆಲೆ.

ಉಳಿದದ್ದು ಮೂರು ದಾರಿ. ಹಾಗೇ ಬಿಡುವುದು ಒಂದು. ಇದು ನಮ್ಮ ಕಾಲದ ಹಿಂಸೆಗೆ ಸಾಕ್ಷಿ, ಮುರಿದ ತಾಯಿಯೇ ಜನರ ಜೊತೆ ಮಾತಾಡಲಿ ಎಂದು ವಾದಿಸಿದವರಿದ್ದರು. ಸುಮ್ನೆ ತಳ್ಳಿಹಾಕುವ ವಾದ ಅಲ್ಲ ಅದು. ಪುರಾತನ ಗ್ರೀಕ್ ಮೂರ್ತಿಗಳನ್ನು ಕೈ, ಮೂಗು ಇಲ್ಲದೆಯೇ ನೋಡಿ ಮೆಚ್ಚುತ್ತೇವೆ, ಅಲ್ವಾ?

ಎರಡನೆಯದು ಸೇರಿಸಿ, ಆದರೆ ಗುರುತು ಕಾಣುವಂತೆ ಬಿಡುವುದು. ಇಟಲಿಯಲ್ಲಿ ಆಗ ಇದೇ ಬಲವಾದ ಮತ. ಚೇಸರೆ ಬ್ರಾಂದಿ ಎಂಬ ಚಿಂತಕ 1939ರಲ್ಲಿ ಶುರುವಾದ ರೋಮ್‌ನ ಕೇಂದ್ರ ಪುನರುದ್ಧಾರ ಸಂಸ್ಥೆಯನ್ನು ಕಟ್ಟಿ ಬೆಳೆಸಿದವನು. ದುರಸ್ತಿಯ ಹೆಸರಲ್ಲಿ ಸುಳ್ಳು ಹೇಳಬಾರದು ಅನ್ನುವುದು ಅವನ ವಿಚಾರ. ದೂರದಿಂದ ಕಣ್ಣಿಗೆ ಒಂದಾಗಿ ಕಾಣಲಿ, ಹತ್ತಿರ ಬಂದರೆ ಹೊಸದು ಯಾವುದು, ಹಳೆಯದು ಯಾವುದು ಎಂದು ಗೊತ್ತಾಗಲಿ. ಚಿತ್ರಗಳಲ್ಲಿ ಬಣ್ಣ ಉದುರಿದ ಕಡೆ ಸಣ್ಣ ಸಣ್ಣ ಲಂಬ ಗೆರೆಗಳನ್ನು ಎಳೆದು ತುಂಬುವ ಪದ್ಧತಿ ಬಂದದ್ದು ಈ ವಿಚಾರದಿಂದಲೇ. ಅದೇ ವರ್ಷ, 1972ರ ಏಪ್ರಿಲ್‌ನಲ್ಲಿ, ಇಟಲಿ ಸರ್ಕಾರ ಪುನರುದ್ಧಾರದ ನಿಯಮಾವಳಿಯನ್ನೇ ಹೊರಡಿಸಿತ್ತು. ಹಳೆಯ ಶೈಲಿಯನ್ನು ಅನುಕರಿಸಿ ಭಾಗ ಸೇರಿಸುವುದು ಬೇಡ, ಸೇರಿಸಿದ್ದು ಬೇರೆಯೆಂದು ತಿಳಿಯುವಂತಿರಬೇಕು ಎಂಬ ಧೋರಣೆ ಅದರದು. ನಿಯಮದ ಶಾಯಿ ಒಣಗಿ ಎರಡು ತಿಂಗಳೂ ಆಗಿರಲಿಲ್ಲ, ಅಷ್ಟರಲ್ಲಿ ಈ ಸುತ್ತಿಗೆ ಏಟು ಬಿತ್ತು.

ಮೂರನೆಯದು ಪೂರ್ತಿ ದುರಸ್ತಿ. ಏಟು ಬಿದ್ದೇ ಇಲ್ಲವೇನೋ ಅನ್ನುವ ಹಾಗೆ ಮಾಡುವುದು.

ವ್ಯಾಟಿಕನ್ ಬೇರೆಯೇ ರಾಜ್ಯ. ಇಟಲಿಯ ನಿಯಮಾವಳಿ ಅದಕ್ಕೆ ಕಾನೂನಾಗಿ ಅನ್ವಯಿಸುವುದಿಲ್ಲ. ಆದರೆ ಅಲ್ಲಿ ಕೆಲಸ ಮಾಡುವವರೂ ಇದೇ ವಿಚಾರಗಳ ನಡುವೆ ಬೆಳೆದವರು. ಆಗ ವ್ಯಾಟಿಕನ್ ಮ್ಯೂಸಿಯಂಗಳ ಮುಖ್ಯಸ್ಥರಾಗಿದ್ದ ಬ್ರೆಜಿಲ್ ಮೂಲದ ವಿದ್ವಾಂಸರು ಮೂರನೇ ದಾರಿ ಹಿಡಿದರು. ಕಾಲದ ಬಲವಾದ ಮತಕ್ಕೆ ಎದುರಾಗಿ ಈಜುವ ಕೆಲಸ ಅದು.

ತಿರುವು ಬಂದದ್ದು ರೆಪ್ಪೆಯಲ್ಲಿ

ಅವರ ವಾದ ಹೀಗಿತ್ತು. ಬೇರೆ ಮೂರ್ತಿಗಳಲ್ಲಿ ಗಾಯದ ಗುರುತನ್ನು ಬಿಡಬಹುದು. ಇಷ್ಟು ಪರಿಪೂರ್ಣವಾಗಿ ಮುಗಿಸಿದ ಮೂರ್ತಿಯಲ್ಲಿ, ಅದೂ ಮುಖದಲ್ಲಿ, ಒಂದೇ ಒಂದು ಸಣ್ಣ ಗಾಯ ಉಳಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ನೋಡುವವರು ಗಾಯವನ್ನು ನೋಡುತ್ತಾರೆ, ಮರಿಯಳನ್ನು ನೋಡುವುದಿಲ್ಲ.

ಎಡಗಣ್ಣಿನ ರೆಪ್ಪೆಯನ್ನು ನೆನೆಸಿಕೊಂಡರೆ ಈ ವಾದ ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಮರಿಯಳ ಕಣ್ಣು ಕೆಳಗೆ ಬಾಗಿದೆ. ರೆಪ್ಪೆಯ ಅಂಚು ಕೆನ್ನೆಯ ಕಡೆಗೆ ಒಂದು ತೆಳ್ಳನೆ ನೆರಳು ಬೀಳಿಸುತ್ತದೆ. ಕಣ್ಣೀರಿಲ್ಲದ ಆ ಮುಖದಲ್ಲಿ ದುಃಖ ಕಾಣುವುದು ಬಹುಪಾಲು ಆ ನೆರಳಿನಿಂದ. ಅಂಚು ಕೂದಲೆಳೆಯಷ್ಟು ಮೇಲಾದರೆ ಅವಳು ಕಣ್ಣು ಬಿಟ್ಟಂತೆ ಕಾಣುತ್ತಾಳೆ. ಕೆಳಗಾದರೆ ನಿದ್ದೆ ಹೋದಂತೆ. ಬೇರೆ ಬಣ್ಣದ ಗಾರೆಯಲ್ಲಿ ತುಂಬಿ ಇದು ಹೊಸದು ಎಂದು ತೋರಿಸಲು ಹೋದರೆ ಕಣ್ಣ ಮೇಲೆ ಮಚ್ಚೆ ಅಂಟಿಸಿದ ಹಾಗಾಗುತ್ತದೆ. ಪ್ರಾಮಾಣಿಕತೆ ಉಳಿಯುತ್ತದೆ, ಮುಖ ಹೋಗುತ್ತದೆ.

ಮೊದಲ ಸಲ ಈ ಪ್ರಕರಣ ಓದಿದಾಗ ನಾನು ಎರಡನೇ ದಾರಿಯವರ ಕಡೆಗಿದ್ದೆ. ಗುರುತು ಮುಚ್ಚುವುದು ಸರಿಯಲ್ಲ ಎಂದೇ ಅನ್ನಿಸಿತ್ತು. ರೆಪ್ಪೆಯ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಮನಸ್ಸು ಬದಲಾಯಿತು. ಬ್ರಾಂದಿಯ ವಿಚಾರ ತಪ್ಪು ಎಂದಲ್ಲ. ನಿಯಮ ಎಲ್ಲ ಮೂರ್ತಿಗಳಿಗೂ ಒಂದೇ, ಗಾಯ ಒಂದೊಂದು ಮೂರ್ತಿಯಲ್ಲಿ ಒಂದೊಂದು ಥರ. ನಿಯಮ ಓದುವ ಮೊದಲು ಮೂರ್ತಿಯನ್ನು ಓದಬೇಕು.

ಪೂರ್ತಿ ದುರಸ್ತಿಗೆ ಒಂದು ದೊಡ್ಡ ಷರತ್ತಿದೆ. ಹೋದ ಭಾಗ ಹೇಗಿತ್ತು ಎಂದು ಖಚಿತವಾಗಿ ಗೊತ್ತಿರಬೇಕು. ಊಹೆ ಮಾಡಿ ಮೂಗು ಕೆತ್ತಿದರೆ ಅದು ಮೈಕೆಲ್ಯಾಂಜೆಲೊನ ಮೂಗಲ್ಲ, ಇಪ್ಪತ್ತನೇ ಶತಮಾನದ ಯಾರದೋ ಮೂಗು. ಇಲ್ಲಿ ವ್ಯಾಟಿಕನ್‌ನವರ ಕೈ ಹಿಡಿದದ್ದು ಹಳೆಯ ಒಂದು ಪ್ಲಾಸ್ಟರ್ ಪಡಿಯಚ್ಚು. ಏಟು ಬೀಳುವುದಕ್ಕೆ ದಶಕಗಳ ಮೊದಲೇ ಮೂರ್ತಿಯಿಂದ ನೇರವಾಗಿ ಅಚ್ಚು ತೆಗೆದು ಎರಕ ಹೊಯ್ದು ಇಟ್ಟಿದ್ದರು. ಅದರ ಜೊತೆಗೆ ಬೇಕಾದಷ್ಟು ಫೋಟೋಗಳಿದ್ದವು. ಆ ಪಡಿಯಚ್ಚು ಇರದಿದ್ದರೆ ಮೂರನೇ ದಾರಿ ಹಿಡಿಯುವುದು ತಪ್ಪಾಗುತ್ತಿತ್ತು. ಈ ತೀರ್ಮಾನವನ್ನು ಮೆಚ್ಚುವವರು ಇದನ್ನು ಮರೆಯಬಾರದು.

ಕೆಲಸ ನಡೆದ ರೀತಿ

ಮೂರ್ತಿಯನ್ನು ಪ್ರಯೋಗಾಲಯಕ್ಕೆ ಸಾಗಿಸಲಿಲ್ಲ. ಅದಿದ್ದ ಗುಡಿಯನ್ನೇ ಮುಚ್ಚಿ, ಅಲ್ಲೇ ಕಾರ್ಯಾಗಾರ ಕಟ್ಟಿದರು. ಪೆಟ್ಟು ತಿಂದ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಎತ್ತುವಾಗ ಅದು ಬಾಯಿ ಬಿಟ್ಟರೆ ಎರಡನೇ ಅಪಘಾತ. ಬೆರಳು ಮುರಿದ ಹಳೆಯ ಕಥೆ ನೆನಪಿದ್ದವರಿಗೆ ಇದು ಸಹಜವಾದ ತೀರ್ಮಾನ ಅನ್ನಿಸುತ್ತದೆ.

ಮೊದಲ ತಿಂಗಳುಗಳಲ್ಲಿ ಯಾರೂ ಏನನ್ನೂ ಅಂಟಿಸಲಿಲ್ಲ. ಚೂರುಗಳನ್ನು ಮೇಜಿನ ಮೇಲೆ ಹರಡಿ, ಯಾವುದು ಎಲ್ಲಿಯದು ಎಂದು ಗುರುತಿಸುವುದೇ ಕೆಲಸ. ಒಂದು ಚೂರಿನ ಒಂದು ಬದಿ ನಯವಾಗಿದ್ದರೆ ಅದು ಮೂರ್ತಿಯ ಮೇಲ್ಮೈಯದು. ಬಾಗು ನೋಡಿ ಬೆರಳೋ, ಮುಸುಕಿನ ಅಂಚೋ ಎಂದು ತಿಳಿಯಬಹುದು. ಎಲ್ಲ ಬದಿಯೂ ಒರಟಾಗಿದ್ದರೆ ಒಳಗಿನ ಕಲ್ಲು. ಅದಕ್ಕೆ ಗುರುತೇ ಇಲ್ಲ, ಹರಳಿನ ಮುರಿತ ಒಂದಕ್ಕೊಂದು ಕೂತರೆ ಮಾತ್ರ ಜಾಗ ಗೊತ್ತಾಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕಿಂತ ಹತ್ತು ಪಟ್ಟು ತಾಳ್ಮೆ ಬೇಕು.

ಸಿಕ್ಕ ಚೂರುಗಳನ್ನು ಅವುಗಳ ಜಾಗಕ್ಕೇ ಅಂಟಿಸಿದರು. ಸಿಗದ ಕಡೆ ಪಡಿಯಚ್ಚಿನಿಂದ ಅಳತೆ ತೆಗೆದು, ಅಮೃತಶಿಲೆಯ ಪುಡಿಗೆ ಅಂಟು ಬೆರೆಸಿ ತುಂಬಿದರು. ಇಲ್ಲಿ ಬಣ್ಣ ಹೊಂದಿಸಿದರೆ ಸಾಲದು. ಬಿಳಿಗೆ ಬಿಳಿ ಹೊಂದಿದರೂ ಹೊಳಪು ಬೇರೆಯಾದರೆ ಓರೆ ಬೆಳಕಿನಲ್ಲಿ ತೇಪೆ ಕಾಣುತ್ತದೆ. ಬೆಳಕು ಎಷ್ಟು ಒಳಗಿಳಿಯುತ್ತದೆ ಅನ್ನುವುದೂ ಹೊಂದಬೇಕು. ಅದಕ್ಕೇ ಸುಣ್ಣದ ಗಾರೆ ಆಗದು, ಕಲ್ಲಿನದೇ ಹರಳು ಬೇಕು.

ಸುಮಾರು ಹತ್ತು ತಿಂಗಳ ಕೆಲಸ. 1973ರ ಮಾರ್ಚ್‌ನಲ್ಲಿ ಮೂರ್ತಿ ಮತ್ತೆ ಜನರ ಮುಂದೆ ಬಂತು.

ಫಲ

ಇವತ್ತು ಪಿಯೆಟಾದ ಮುಂದೆ ನಿಂತವರಿಗೆ, ಮೊದಲೇ ಯಾರಾದರೂ ಹೇಳದಿದ್ದರೆ, ಈ ಮುಖ ಒಡೆದಿತ್ತು ಎಂದು ಗೊತ್ತಾಗುವುದಿಲ್ಲ. ಮುಖ್ಯಸ್ಥರು ಬಯಸಿದ್ದು ಅದನ್ನೇ. ಆ ಮಟ್ಟಿಗೆ ಕೆಲಸ ಗೆದ್ದಿತು.

ಹಾಗಾದರೆ ಸುಳ್ಳು ಹೇಳಿದ ಹಾಗಾಗಲಿಲ್ಲವೇ? ಈ ಪ್ರಶ್ನೆ ನನ್ನನ್ನು ಜಾಸ್ತಿ ಕಾಡಿದೆ. ಕೊನೆಗೆ ನನಗೆ ಸಿಕ್ಕ ಸಮಾಧಾನ ಇದು. ಏನು ಒಡೆದಿತ್ತು, ಎಲ್ಲಿ ತುಂಬಿದರು ಅನ್ನುವುದೆಲ್ಲ ದಾಖಲೆಯಲ್ಲಿದೆ. ಗಾಯಗೊಂಡ ಮುಖದ ಫೋಟೋಗಳು ಬಚ್ಚಿಟ್ಟವಲ್ಲ, ಯಾರು ಬೇಕಾದರೂ ನೋಡಬಹುದು. ಅಲ್ಲದೆ ಅಂಟು ಮತ್ತು ಕಲ್ಲು ಅತಿನೇರಳೆ ಬೆಳಕಿನಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಥರ ಹೊಳೆಯುತ್ತವೆ. ಪರೀಕ್ಷೆ ಮಾಡುವವರಿಗೆ ಹೊಸದು, ಹಳೆಯದು ಗೊತ್ತಾಗಲು ದಾರಿಗಳಿವೆ. ಪ್ರಾರ್ಥನೆಗೆ ಬಂದ ಅಜ್ಜಿಗೆ ಆ ವ್ಯತ್ಯಾಸ ಕಾಣದಿದ್ದರೆ ಅವಳಿಗೆ ಯಾರೂ ಮೋಸ ಮಾಡಿದಂತಲ್ಲ.

ಒಂದು ನಷ್ಟ ಮಾತ್ರ ದುರಸ್ತಿಯಾಗಲಿಲ್ಲ. ಮೂರ್ತಿಯ ಮುಂದೆ ಗಟ್ಟಿ ಗಾಜು ಬಂತು. ಮೊದಲು ಕಟಕಟೆಯ ತನಕ ಹೋಗಿ ನಿಲ್ಲಬಹುದಿತ್ತು. ಈಗ ಗಾಜಿನ ಈಚೆ, ಕೆಲವು ಮೀಟರ್ ದೂರ. ಬಲಗೈ ಬೆರಳುಗಳ ನಡುವಿನ ಬಟ್ಟೆ, ಉಬ್ಬಿದ ಮಾಂಸ, ಎದೆಯ ಪಟ್ಟಿಯ ಮೇಲಿನ ಅಕ್ಷರ, ಇವೆಲ್ಲ ಅಷ್ಟು ದೂರದಿಂದ ಬರಿಗಣ್ಣಿಗೆ ದಕ್ಕುವುದು ಕಷ್ಟ. ಗಾಜಿನಲ್ಲಿ ನಮ್ಮ ಹಿಂದಿನ ಜನರ ನೆರಳೂ ಬೀಳುತ್ತದೆ. 2024ರ ನವೆಂಬರ್‌ನಲ್ಲಿ, ಮರು ವರ್ಷದ ಜೂಬಿಲಿಗೆ, ಅಂದರೆ ಕ್ಯಾಥೊಲಿಕರ ಪವಿತ್ರ ವರ್ಷಕ್ಕೆ, ಮೊದಲು, ಹಳೆಯ ಗಾಜು ತೆಗೆದು ಹೆಚ್ಚು ಗಟ್ಟಿಯಾದ, ಹೆಚ್ಚು ತಿಳಿಯಾದ ಗಾಜು ಹಾಕಿದ್ದಾರೆ. ದೂರ ಮಾತ್ರ ದೂರವೇ.

ದುರಸ್ತಿಯ ತೀರ್ಮಾನದ ಬಗ್ಗೆ ನನಗೆ ಈಗ ತಕರಾರಿಲ್ಲ. ಗಾಜಿನ ಬಗ್ಗೆಯೂ ತಕರಾರು ಎತ್ತುವಂತಿಲ್ಲ. ಆದರೂ ಒಬ್ಬನ ಕೈಯ ಸುತ್ತಿಗೆಗೆ ಅಷ್ಟು ಜನರ ಕಣ್ಣು ದೂರ ಸರಿಯಬೇಕಾಯಿತಲ್ಲ ಎಂದು ಬೇಜಾರಾಗುತ್ತದೆ.

ಪಕ್ಕಕ್ಕಿಟ್ಟು ನೋಡಬೇಕಾದ ಇನ್ನೆರಡು ಮೂರ್ತಿ

ಈ ಪ್ರಕರಣವನ್ನು ಒಂಟಿಯಾಗಿ ಓದಿದರೆ ಪೂರ್ತಿ ದುರಸ್ತಿಯೇ ಯಾವಾಗಲೂ ಸರಿ ಅನ್ನಿಸಿಬಿಡುವ ಅಪಾಯ ಇದೆ. ಅದಕ್ಕೆ ಮೈಕೆಲ್ಯಾಂಜೆಲೊನ ಇನ್ನೆರಡು ಪಿಯೆಟಾಗಳನ್ನು ಪಕ್ಕಕ್ಕಿಟ್ಟು ನೋಡುವುದು ಒಳ್ಳೆಯದು. ಒಬ್ಬನೇ ಶಿಲ್ಪಿ, ವಿಷಯವೂ ಒಂದೇ. ಮುರಿತಕ್ಕೆ ಸಿಕ್ಕ ಉತ್ತರ ಮಾತ್ರ ಬೇರೆ ಬೇರೆ.

ಮಿಲಾನ್‌ನ ಸ್ಫೋರ್ಜಾ ಕೋಟೆಯಲ್ಲಿರುವ ರೊಂದನಿನಿ ಪಿಯೆಟಾ ಅವನ ಕೊನೆಯ ಕೆಲಸ. 1564ರ ಫೆಬ್ರವರಿಯಲ್ಲಿ ಸಾಯುವ ಕೆಲವೇ ದಿನ ಮೊದಲಿನ ತನಕ ಅದನ್ನು ಕೆತ್ತುತ್ತಿದ್ದ. ಮೊದಲು ಕೆತ್ತಿದ್ದನ್ನು ಅಳಿಸಿ ಮತ್ತೆ ಕೆತ್ತಿದ. ಹಾಗಾಗಿ ಹಳೆಯ ರೂಪದ ಒಂದು ತೋಳು ಯಾರ ಮೈಗೂ ಸೇರದೆ ಪಕ್ಕದಲ್ಲಿ ಒಂಟಿಯಾಗಿ ನಿಂತಿದೆ. ಅದನ್ನು ತೆಗೆಯಬೇಕು, ಸರಿ ಮಾಡಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ. ಅಲ್ಲಿ ಹುಡುಕಾಟವೇ ಮೂರ್ತಿ.

ಇನ್ನೊಂದು ಫ್ಲಾರೆನ್ಸ್‌ನಲ್ಲಿ, ಕೆಥೆಡ್ರಲ್‌ನ ಮ್ಯೂಸಿಯಂನಲ್ಲಿದೆ. ಎಪ್ಪತ್ತು ದಾಟಿದ ಮೈಕೆಲ್ಯಾಂಜೆಲೊ ತನ್ನ ಸ್ವಂತ ಸಮಾಧಿಗೆಂದು ಕೆತ್ತಲು ಹಿಡಿದದ್ದು ಅದು. ನಾಲ್ಕು ಜನರ ಗುಂಪು. ಹಿಂದೆ ನಿಂತು ಯೇಸುವಿನ ದೇಹ ಹಿಡಿದಿರುವ ಮುದುಕನ ಮುಖ ಅವನದೇ ಎಂದು ನಂಬುತ್ತಾರೆ. 1555ರ ಸುಮಾರಿಗೆ ಅವನೇ ಸುತ್ತಿಗೆ ಹಿಡಿದು ಅದನ್ನು ಒಡೆದ. ಕಲ್ಲಿನಲ್ಲಿ ದೋಷ ಇತ್ತು, ಉಳಿಗೆ ಕಿಡಿ ಹಾರುವಷ್ಟು ಗಡಸಾಗಿತ್ತು, ಮುಗಿಸು ಮುಗಿಸು ಎಂದು ಸೇವಕ ಕಾಡುತ್ತಿದ್ದ ಎಂದೆಲ್ಲ ಅವನ ಜೀವನಚರಿತ್ರೆ ಬರೆದ ಜೊರ್ಜೊ ವಸಾರಿ ಕಾರಣ ಕೊಟ್ಟಿದ್ದಾನೆ. ಆಮೇಲೆ ತಿಬೇರಿಯೊ ಕಲ್ಕಾಞಿ ಎಂಬ ಶಿಷ್ಯ ಗುರುವಿನ ಒಪ್ಪಿಗೆ ಪಡೆದು ತುಂಡುಗಳನ್ನು ಜೋಡಿಸಿದ. ಗುಂಪಿನಲ್ಲಿರುವ ಯೇಸುವಿನ ಶಿಷ್ಯೆ ಮಗ್ದಲೇನಳ ಆಕೃತಿಯಲ್ಲಿ ಈ ಶಿಷ್ಯನ ಕೈ ಕಾಣುತ್ತದೆ. ಗುರುವಿನ ನಯ ಅಲ್ಲ ಅದು, ನೋಡಿದ ಕೂಡಲೇ ಗೊತ್ತಾಗುತ್ತದೆ.

ಆ ಮೂರ್ತಿಯಲ್ಲಿ ಯೇಸುವಿಗೆ ಎಡಗಾಲಿಲ್ಲ. ತಾಯಿಯ ತೊಡೆಯ ಮೇಲೆ ಬರಬೇಕಿದ್ದ ಕಾಲು. ಆ ಜಾಗದಲ್ಲಿ ತುಂಡು ಕೂಡಿಸಲು ಕೊರೆದ ಒಂದು ತೂತು ಮಾತ್ರ ಇದೆ. ನಾಲ್ಕೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಅದು ಹಾಗೇ ಇದೆ. ಆ ಕಾಲಿಗೆ ಪಡಿಯಚ್ಚಿಲ್ಲ. ಯಾರೂ ಹೊಸ ಕಾಲು ಮಾಡಿಸಲಿಲ್ಲ.